ವೈಕಿಂಗಪ್ಪನ ಹಡಗು ಬಿಟ್ಟ ದಿನ

ಹಡಗಿನ ದಿನದ ಹಿಂದಿನ ಸಂಜೆ ನಾನು ದ್ಯಾಮಣ್ಣನ ಮೀಸೆ ಬೋಳಿಸಿಬಿಟ್ಟೆ. ಬೇಕೆಂದೇ ಬೋಳಿಸಿದೆ, ಸುಳ್ಳೇಕೆ ಹೇಳಲಿ. ಅವತ್ತು ಮುಂಜಾನೆ ನನ್ನ ದಾಳಗಳಲ್ಲಿ ಎರಡು ಮತ್ತು ಮೂರು ಬಿದ್ದಿದ್ದವು. ಐದರ ಚೌಕ ಅಂದರೆ ನಮ್ಮೂರಲ್ಲಿ ಕ್ಷೌರ. ನನ್ನ ಮರದ ಗೊಂಬೆಯನ್ನು ಆ ಚೌಕದಲ್ಲಿ ಇಟ್ಟ ಗಳಿಗೆಯಿಂದ ಕತ್ತಿ ಮಸೆಯುವುದು, ಗದ್ದದ ಕೆಳಗಿನ ಚರ್ಮ ಎಳೆದು ಹಿಡಿಯುವುದು, ಒಂದೇ ಎಳೆತಕ್ಕೆ ಕತ್ತಿ ಇಳಿಸುವುದು ಎಲ್ಲವೂ ನನ್ನ ಬೆರಳಿಗೆ ಬಂದುಬಿಟ್ಟಿತ್ತು. ದ್ಯಾಮಣ್ಣ ಠೀವಿಯಿಂದ ಬಂದು ಕುಳಿತ. "ತುಂಗವ್ವಾ, ಮೀಸಿ ಅಂಚು ಒಂಚೂರು ಸಮಾ ಮಾಡು. ನಾಳಿ ಹಡಗಿನ ದಿನ," ಎಂದ. ಎಡಗಡೆ ಒಂಚೂರು ಸಮ ಮಾಡಿದೆ. ಬಲಗಡೆ ಹೆಚ್ಚಾಗಿ ಕಂಡಿತು, ಅದನ್ನೂ ಸಮ ಮಾಡಿದೆ. ಹೀಗೆ ಎಡಕ್ಕೂ ಬಲಕ್ಕೂ ನ್ಯಾಯ ಮಾಡುತ್ತಾ ಮಾಡುತ್ತಾ ಕೊನೆಗೆ ನ್ಯಾಯ ಮಾಡಲು ಏನೂ ಉಳಿಯಲಿಲ್ಲ. ಕನ್ನಡಿ ನೋಡಿಕೊಂಡ ದ್ಯಾಮಣ್ಣ ಬಾಯಿ ತೆರೆದವನು ಮುಚ್ಚುವುದನ್ನೇ ಮರೆತ.

ಅವನಿಗೆ ಅದು ಆಗಬೇಕಾದದ್ದೇ. ನನ್ನ ಮನೆಯ ಬಲಗಡೆ ಗೋಡೆಗೆ ಅವನ ಮನೆಯ ಗೋಡೆ ಅಂಟಿಕೊಂಡಿದೆ, ದಾಳ ಹಾಕುವ ಸಾಲಿನಲ್ಲೂ ಅವನು ನನಗಿಂತ ಮುಂದೆ. ರೊಟ್ಟಿ ಬಡಿಯುವ ಚೌಕದಲ್ಲಿ ಒಂದೇ ಜಾಗ ಉಳಿದಿದ್ದು, ನಾನು ಅದರ ಮೇಲೆ ಕಣ್ಣಿಟ್ಟಿದ್ದೇನೆ ಎಂದು ಗೊತ್ತಾದರೆ ಸಾಕು, ಹೇಗೋ ಅವನ ದಾಳಕ್ಕೆ ಅದೇ ಲೆಕ್ಕ ಬಿದ್ದು ಅವನ ಗೊಂಬೆ ಹೋಗಿ ಅಲ್ಲೇ ಕೂರುತ್ತದೆ. ರೊಟ್ಟಿ ಬಡಿಯುವುದೆಂದರೆ ಅವನಿಗೇನೂ ಪ್ರೀತಿಯಿಲ್ಲ. ನಾನು ಕತ್ತೆ ಕಾಯಲು ಹೋಗುವುದನ್ನು ನೋಡುವುದರಲ್ಲಿ ಪ್ರೀತಿ. ಹೋದ ವಾರವೆಲ್ಲ ನಾನು ಕತ್ತೆಗಳ ಹಿಂದೆ ತಿರುಗಿದ್ದೇನೆ. ಇಂಥವನ ಮೀಸೆ ಕೈಗೆ ಸಿಕ್ಕಾಗ ಯಾರಾದರೂ ಬಿಡುತ್ತಾರೆಯೇ?

ನಮ್ಮೂರು ದೊಡ್ಡ ಹೊಳೆಯ ದಂಡೆಯ ಮೇಲಿದೆ. ನೀರಿಗೆ ಇಳಿಯುವ ಘಾಟಿನ ಕಟ್ಟೆಯ ಮೇಲೆ ನಾಲ್ಕು ಹಾಸಿಗೆಯಷ್ಟು ಅಗಲದ ಹಲಗೆಯಿದೆ, ಅದರ ತುಂಬ ಚೌಕಗಳು. ಕಮ್ಮಾರಿಕೆ, ಬುಟ್ಟಿ ಹೆಣೆಯುವುದು, ಮೀನು, ಗಿರಣಿ, ಮಕ್ಕಳಿಗೆ ಅಕ್ಷರ ಕಲಿಸುವುದು, ಚರಂಡಿ ಬಳಿಯುವುದು, ಊರಿಗೆಲ್ಲ ಅಡುಗೆ ಮಾಡಿ ಬಡಿಸುವ ಊಟದ ಚೌಕ, ಹೀಗೆ. ಮುಂಜಾನೆ ದೊಡ್ಡವರೆಲ್ಲ ಒಬ್ಬೊಬ್ಬರಾಗಿ ಎರಡು ದಾಳ ಉರುಳಿಸುತ್ತಾರೆ, ಬಿದ್ದ ಲೆಕ್ಕದ ಚೌಕದಲ್ಲಿ ಜಾಗವಿದ್ದರೆ ಗೊಂಬೆ ಇಡುತ್ತಾರೆ, ಜಾಗ ತುಂಬಿದ್ದರೆ ಕತ್ತೆಯೋ ಚರಂಡಿಯೋ. ಇಟ್ಟ ಕೂಡಲೇ ಆ ಕೆಲಸ ಕೈಗೆ ಬರುತ್ತದೆ. ಸಂಜೆ ಗಂಟೆ ಬಾರಿಸಿದರೆ ಹೋಗಿಬಿಡುತ್ತದೆ. ನಿನ್ನೆ ಚಂದದ ಬುಟ್ಟಿ ಹೆಣೆದವಳಿಗೆ ಇವತ್ತು ಬಿದಿರಿನ ಸೀಳು ಯಾವ ಕಡೆಯಿಂದ ಹಿಡಿಯಬೇಕೆಂದೂ ತಿಳಿಯುವುದಿಲ್ಲ. ಇದರಿಂದ ನಮಗೇನೂ ತೊಂದರೆಯಿಲ್ಲ, ಒಬ್ಬರ ಕೆಲಸವನ್ನು ಇನ್ನೊಬ್ಬರು ಕೀಳೆಂದು ಆಡಿಕೊಳ್ಳಲು ಮಾತ್ರ ಆಗುವುದಿಲ್ಲ. ಆಡಿಕೊಂಡರೆ ಮರುದಿನ ದಾಳ ಅಲ್ಲಿಗೇ ಕಳಿಸುತ್ತದೆ.

ಗೊಂಬೆಗಳು ಎಲ್ಲವೂ ಒಂದೇ ಮಾದರಿ. ಎದೆಯವರೆಗೆ ದಾಡಿ, ಕೈಯಲ್ಲಿ ದುಂಡನೆಯ ಗುರಾಣಿ, ತಲೆಯ ಮೇಲೆ ಕಬ್ಬಿಣದ ಟೊಪ್ಪಿಗೆ. ಎಂದೋ ಒಬ್ಬ ಮಾಸ್ತರು ದಾರಿ ತಪ್ಪಿ ನಮ್ಮೂರಿಗೆ ಬಂದವರು ನೋಡಿ, "ಇವರು ವೈಕಿಂಗರು, ಬಡಗಣ ಹಿಮದ ಸೀಮೆಯ ಕಡಲಿಗರು," ಎಂದರಂತೆ. ಹಿಮ ಯಾವ ಬಣ್ಣವೆಂದು ಕೂಡ ನಮಗೆ ಗೊತ್ತಿಲ್ಲ. ಆದರೆ ಹೆಸರು ಇಷ್ಟವಾಯಿತು, ಅವತ್ತಿನಿಂದ ಗೊಂಬೆಗೆ ವೈಕಿಂಗಪ್ಪ ಎಂದೇ ಹೆಸರು. ನನ್ನ ವೈಕಿಂಗಪ್ಪನ ಹಣೆಗೆ ನಮ್ಮವ್ವ ಕುಂಕುಮ ಇಟ್ಟಿದ್ದಾಳೆ. ದಾಡಿ ಇದ್ದರೂ ಅವನು ಹೆಣ್ಣುಮಗಳ ಗೊಂಬೆ ಎಂದು ಗುರುತು ಬೇಕಲ್ಲ.

ಗೊಂಬೆಯನ್ನು ಯಾರು ಇಡುತ್ತಾರೋ ಕೆಲಸ ಅವರದು. ಗೊಂಬೆ ಯಾರದೆಂಬುದು ಮುಖ್ಯವಲ್ಲ. ಕಟ್ಟೆಯ ಯಜಮಾನ ಪರಸಪ್ಪನವರು ಒಮ್ಮೆ ಜ್ವರದ ನೆಪ ಹೇಳಿ ತಮ್ಮ ಗೊಂಬೆಯನ್ನು ಹೆಂಡತಿಯ ಕೈಯಲ್ಲಿ ಕಮ್ಮಾರಿಕೆಗೆ ಇಡಿಸಿದರು. ಆಕೆ ಸಂಜೆತನಕ ಕುಲುಮೆಯ ಮುಂದೆ ಸುತ್ತಿಗೆ ಬೀಸಿ, ಅದೇ ತೋಳಿನಲ್ಲಿ ಮನೆಗೆ ಹೋದಳು. ಪರಸಪ್ಪನವರ ಜ್ವರ ಆ ಗಳಿಗೆಯಲ್ಲೇ ಬಿಟ್ಟಿತು.

ಇನ್ನೊಂದು ಸವಲತ್ತಿದೆ. ವರ್ಷದಲ್ಲಿ ಒಂದೇ ಒಂದು ಸಲ ನೀವು ಒಂದು ದಾಳವನ್ನು ಒಂದು ಲೆಕ್ಕ ಮೇಲಕ್ಕೆ ಹೊರಳಿಸಬಹುದು. ಅದಕ್ಕೆ ನಿಮ್ಮ ಬಲಗಡೆ ಮನೆಯವರು ನಿಮ್ಮ ಕೈಯಿಂದ ಒಂದು ತಂಬಿಗೆ ಮಜ್ಜಿಗೆಯನ್ನು ಮನಸಾರೆ ಕುಡಿಯಬೇಕು. ಬಹಳ ಮಂದಿ ಆ ಸಲವನ್ನು ಚರಂಡಿ ತಪ್ಪಿಸಿಕೊಳ್ಳಲು ಖರ್ಚು ಮಾಡಿಬಿಡುತ್ತಾರೆ. ನಾನು ಆ ವರ್ಷ ಮಾಡಿರಲಿಲ್ಲ. ಕತ್ತೆ ಕಾಯ್ದೆ, ಚರಂಡಿ ಬಳಿದೆ, ಮೈಯೆಲ್ಲ ನಾರಿತು, ಆದರೂ ಹಲ್ಲು ಕಚ್ಚಿ ಹಡಗಿನ ದಿನಕ್ಕೆಂದು ಉಳಿಸಿಕೊಂಡಿದ್ದೆ. ಬಲಗಡೆಯ ಮನೆ ದ್ಯಾಮಣ್ಣನದು ಎಂಬುದು ಅವನ ಮೀಸೆಯ ಮುಂದೆ ಕತ್ತಿ ಹಿಡಿದು ನಿಂತಾಗ ನನ್ನ ತಲೆಗೆ ಹೊಳೆಯಲಿಲ್ಲ ನೋಡಿ!

ಹಡಗಿನ ವಿಷಯ ಹೇಳುತ್ತೇನೆ. ಘಾಟಿನ ಮೆಟ್ಟಿಲ ಬಳಿ ವರ್ಷವಿಡೀ ಅದು ನಿಂತಿರುತ್ತದೆ. ಉದ್ದನೆಯ ಮೈ, ಮುಂದೆ ಹೆಡೆ ಎತ್ತಿದ ಹಾವಿನ ತಲೆ, ಒಳಗೆ ಆರು ಹುಟ್ಟುಗೋಲು. ಹಗ್ಗವಿಲ್ಲ, ಸರಪಳಿಯಿಲ್ಲ, ಆದರೂ ಎಂಟು ಜೋಡಿ ಎತ್ತು ಕಟ್ಟಿ ಎಳೆದರೂ ಕದಲುವುದಿಲ್ಲ. ಮಕ್ಕಳು ಅದರ ಮೇಲೆ ಹತ್ತಿ ಆಡುತ್ತಾರೆ, ಹೆಂಗಸರು ಅದರ ಅಂಚಿಗೆ ಸೀರೆ ಒಣಹಾಕುತ್ತಾರೆ. ಹೊಳೆ ತುಂಬಿ ಬಂದ ಮೇಲೆ ವರ್ಷಕ್ಕೊಂದು ದಿನ ಮಾತ್ರ ಹಲಗೆಯ ನಡುವೆ ಕೆತ್ತಿರುವ ಹಡಗಿನ ಚೌಕ ತೆರೆಯುತ್ತದೆ. ಅಲ್ಲಿ ಆರು ಗೊಂಬೆ ಕೂರಬೇಕು, ಕೂರಲು ಜೋಡಿ ಆರು ಬೀಳಬೇಕು, ಅದೂ ದೀಪದ ಕಂಬದ ನೆರಳು ಸರಿದು ಬಂದು ಹಲಗೆಯ ಮೇಲಿನ ಹಾವಿನ ಹೆಡೆ ಮುಟ್ಟುವುದರೊಳಗೆ. ಆರೂ ತುಂಬಿದರೆ ಹಡಗು ಬಿಡುತ್ತದೆ.

ಅದು ಹಿಂದಿನ ಸಲ ಬಿಟ್ಟಾಗ ನಾನು ಲಂಗ ಹಾಕುತ್ತಿದ್ದ ಹುಡುಗಿ. ಆರನೆಯ ಹುಟ್ಟುಗೋಲು ನಮ್ಮವ್ವನದು. ಹೋದವರು ಮರುದಿನ ಮುಂಜಾನೆ ತಿರುಗಿ ಬಂದರು. ಅವ್ವನ ಕೂದಲೆಲ್ಲ ಒದ್ದೆಯಾಗಿತ್ತು, ಮುಡಿಯಲ್ಲಿ ಯಾವುದೋ ಬಿಳಿಯ ಎಲುಬಿನ ಬಾಚಣಿಗೆ ಇತ್ತು, ಮತ್ತು ಅವಳು ನಗುತ್ತಿದ್ದಳು. ನಮ್ಮವ್ವ ನಗುವವರ ಪೈಕಿ ಅಲ್ಲ. "ಏನ್ ನೋಡಿದಿ ಅವ್ವಾ?" ಎಂದು ಕೇಳಿದೆ. ಘಾಟಿನ ಮೆಟ್ಟಿಲಿಗೆ ಕಾಲು ತಾಗಿದ ಕೂಡಲೇ ಕೈಯಿಂದ ಹುಟ್ಟುಗೋಲಿನ ಕಸುಬು ಹೋಯಿತು, ಅದರ ಜೊತೆಗೆ ನೋಡಿದ್ದೂ ಹೋಯಿತು. "ಹಲ್ಲಿನ ಸಂದ್ಯಾಗ ಮೀನಿನ ಮುಳ್ಳ ಸಿಕ್ಕಿತ್ತು, ಅದೊಂದ ನೆನಪೈತಿ," ಎನ್ನುತ್ತಾಳೆ ಈಗಲೂ. ಆ ನಗುವಿಗೆ ಕಾರಣ ಏನಿತ್ತು ಎಂದು ತಿಳಿಯದೆ ನಾನು ಇಷ್ಟು ವಯಸ್ಸು ಕಳೆದೆ. ಮದುವೆ ಬೇಕೆನಿಸಲಿಲ್ಲ, ಬಂಗಾರ ಬೇಕೆನಿಸಲಿಲ್ಲ. ಆ ಹಡಗಿನಲ್ಲಿ ಒಂದು ಸಲ ಕೂರಬೇಕು, ಅಷ್ಟೇ.

ಆ ದಿನ ಬಂತು. ಊರಿಗೆ ಊರೇ ಘಾಟಿನಲ್ಲಿ ನೆರೆದಿತ್ತು. ಅವ್ವನನ್ನು ಕುರ್ಚಿ ಸಮೇತ ಎತ್ತಿಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂರಿಸಿದ್ದೆವು. ಹಡಗಿನ ದಿನ ಜನ ದಾಳ ಹಾಕುವುದಕ್ಕಿಂತ ದಾಳವನ್ನು ಮಾತಾಡಿಸುವುದೇ ಹೆಚ್ಚು, ಹಾಗಾಗಿ ಸಾಲು ಆಮೆಯಂತೆ ಸಾಗಿತು. ಮೊದಲ ಜೋಡಿ ಆರು ಬಿದ್ದಾಗ ಚಪ್ಪಾಳೆ, ಎರಡನೆಯದಕ್ಕೆ ಶಿಳ್ಳೆ. ಮೂರನೆಯದು ಪರಸಪ್ಪನವರ ಹೆಂಡತಿಗೇ ಬಿತ್ತು, ಆಕೆ ಅದೇ ಕಮ್ಮಾರನ ತೋಳು ಎತ್ತಿ ತೋರಿಸಿದಳು. ನಾಲ್ಕನೆಯದಕ್ಕೆ ಜನ ಉಸಿರು ಬಿಗಿಹಿಡಿಯಲು ಶುರು ಮಾಡಿದರು. ಐದನೆಯದು ಯಾರಿಗೆ ಬೀಳಬೇಕು? ಮೀಸೆಯಿಲ್ಲದ ದ್ಯಾಮಣ್ಣನಿಗೆ! ಅವನು ಗೊಂಬೆ ಇಟ್ಟು, ನನ್ನ ಕಡೆ ತಿರುಗಿ ಬೋಳು ತುಟಿಯನ್ನೇ ತಿರುವಿದ. ಅವನ ಹಿಂದೆ ಸಾಲಿನಲ್ಲಿ ಉಳಿದವಳು ನಾನೊಬ್ಬಳೇ. ಆ ವರ್ಷದ ಸರದಿಯಲ್ಲಿ ನಾನೇ ಊರಿನ ಕೊನೆಯವಳು.

ಅಂಗೈ ಬೆವರಿ ದಾಳ ಜಾರುತ್ತಿತ್ತು. ಸೆರಗಿಗೆ ಒರೆಸಿಕೊಂಡು ಉರುಳಿಸಿದೆ. ಒಂದು ದಾಳ ಆರು ತೋರಿಸಿ ನಿಂತಿತು. ಇನ್ನೊಂದು ಹಲಗೆಯ ಅಂಚಿನತನಕ ಓಡಿ, ಅಲ್ಲೇ ತಿರುಗಿ ತಿರುಗಿ, ಐದಕ್ಕೆ ಕೂತಿತು.

ಊರೆಲ್ಲ ಒಟ್ಟಿಗೆ "ಅಯ್ಯೋ" ಎಂದಿತು. ಆಮೇಲೆ ಒಟ್ಟಿಗೆ ನೆನಪಾಯಿತು. "ಮಜ್ಜಿಗಿ! ತುಂಗವ್ವನ ಮಜ್ಜಿಗಿ ಇನ್ನೂ ಉಳದೈತಿ!" ಎಂದು ಯಾರೋ ಕೂಗಿದರು. ಮಜ್ಜಿಗೆ ಎಲ್ಲಿಂದ ಬಂತೋ, ತಂಬಿಗೆ ಯಾರು ಕೊಟ್ಟರೋ, ನನ್ನ ಕೈಗೆ ಬಂದಿತ್ತು. ನಾನು ಅದನ್ನು ಹಿಡಿದುಕೊಂಡು ದ್ಯಾಮಣ್ಣನ ಮುಂದೆ ನಿಂತೆ. ಅವನು ನಿಧಾನವಾಗಿ ತನ್ನ ಮೇಲ್ತುಟಿಯ ಮೇಲೆ ಬೆರಳಾಡಿಸಿದ.

"ಏನ್ ತಂಗೆವ್ವ, ಭಾಳ ಪ್ರೀತಿ ಉಕ್ಕಾಕತ್ತೈತಲ್ಲ ಇವತ್ತ?"

"ಅಣ್ಣಾ, ತಪ್ಪಾತು. ಕುಡಿ."

"ಮನಸಾರೆ ಕುಡೀಬೇಕಂತ ಐತಿ. ನನ್ನ ಮನಸ್ಸ ನಿನ್ನೆ ನಿನ್ನ ಕತ್ತಿ ಅಡ್ಯಾಗ ಸಿಕ್ಕು ಸತ್ತಹೋತು."

"ಮೀಸಿ ಮತ್ತ ಬರ್ತಾವೋ ಯಣ್ಣಾ! ಆರನೇ ಜಾಗಾ ಮತ್ತ ಬರ್ತೈತೇನು? ನೀನೂ ಐದನೇದಾಗಿ ಕುಂತೀದಿ. ನಾ ಇಡದಿದ್ರ ನೀನೂ ಹೋಗಾಂಗಿಲ್ಲ."

"ಅದು ಖರೇನ," ಎಂದು ಅವನು ಆಕಾಶ ನೋಡಿದ. ಜನ ಬೈದರು, ಗೋಗರೆದರು. ಅವನು ಇನ್ನಷ್ಟು ಹೊತ್ತು ಆಕಾಶ ನೋಡಿದ. ನನ್ನ ಕಣ್ಣಲ್ಲಿ ನೀರು ಬಂದದ್ದು ಕಂಡಿತೋ ಏನೋ, ತಟ್ಟನೆ ತಂಬಿಗೆ ಕಸಿದುಕೊಂಡು ಗಟಗಟನೆ ಕುಡಿದು ಬೋರಲು ಹಾಕಿ ತೋರಿಸಿದ. ಬೋಳು ತುಟಿಯ ಮೇಲೆ ಮಜ್ಜಿಗೆಯ ಬಿಳಿ ಮೀಸೆ ಮೂಡಿತ್ತು. "ಇಡು ಹೋಗು. ಮನಸಾರೆನ ಕುಡದೀನಿ," ಎಂದ.

ದಾಳ ಹೊರಳಿಸಿದೆ. ಜೋಡಿ ಆರು! ಆ ಕೂಗನ್ನು ನೀವು ಕೇಳಬೇಕಿತ್ತು. ಮುದುಕರು ಟವೆಲ್ ಎಸೆದರು, ಮಾತು ಬಿಟ್ಟಿದ್ದವರೆಲ್ಲ ನನ್ನನ್ನು ತಬ್ಬಿಕೊಂಡರು. ನೀರಿನಲ್ಲಿ ನಿಂತಿದ್ದ ಹಡಗು ಒಂದು ಸಲ ಮೈ ಮುರಿದಂತೆ ಕಿರುಗುಟ್ಟಿತು. ನಾನು ಕುಂಕುಮದ ವೈಕಿಂಗಪ್ಪನನ್ನು ಎತ್ತಿ ಆರನೆಯ ಜಾಗದ ಮೇಲೆ ತಂದೆ. ಇನ್ನು ಇಡಬೇಕು, ಅಷ್ಟರಲ್ಲಿ ಎದುರು ಮನೆಯ ಲಗಮವ್ವ ಸೀರೆ ಎತ್ತಿಕೊಂಡು ಮೆಟ್ಟಿಲು ಇಳಿದು ಓಡಿಬಂದಳು.

"ದ್ಯಾಮಣ್ಣಾ! ಕಾಶವ್ವಗ ನೀರ ಒಡದಾವು! ಮುಂಜಾನಿಂದ ಬ್ಯಾನಿ ತಿನ್ನಾಕತ್ತಿದ್ಲಂತ, ಬಾಯಿ ಬಿಟ್ಟಿಲ್ಲ ಹುಡುಗಿ! ಸೂಲಗಿತ್ತಿ ಯಾರು ಇವತ್ತ?"

ಕಾಶವ್ವ ದ್ಯಾಮಣ್ಣನ ಒಬ್ಬಳೇ ಮಗಳು, ಬಾಣಂತನಕ್ಕೆ ತವರಿಗೆ ಬಂದಿದ್ದಳು. ಇನ್ನೂ ಹದಿನೈದು ದಿನ ಇದೆ ಎಂದು ಎಲ್ಲರೂ ತಿಳಿದಿದ್ದೆವು. ಸಾಮಾನ್ಯವಾಗಿ ಯಾರಿಗಾದರೂ ದಿನ ತುಂಬಿದ್ದರೆ ನಮ್ಮಲ್ಲಿ ಮೊದಲು ಬಿದ್ದ ಜೋಡಿಯನ್ನು ಸೂಲಗಿತ್ತಿಯ ಚೌಕಕ್ಕೆ ಕೊಟ್ಟುಬಿಡುತ್ತೇವೆ. ಆ ಚೌಕಕ್ಕೆ ಜೋಡಿ ಬೇಕು, ಯಾವ ಜೋಡಿಯಾದರೂ ಆದೀತು. ಅವತ್ತು ಹಡಗಿನ ಗುಂಗಿನಲ್ಲಿ ಯಾರೂ ಆ ಕಡೆ ನೋಡಿರಲಿಲ್ಲ. ಅಪ್ಪನ ಹಡಗು ತನ್ನಿಂದ ನಿಲ್ಲಬಾರದೆಂದು ಆ ಹುಚ್ಚು ಹುಡುಗಿಯೂ ನೋವನ್ನು ನುಂಗಿಕೊಂಡು ಮಲಗಿದ್ದಳು. ಎಲ್ಲ ಗೊಂಬೆಗಳೂ ಕೂತಾಗಿತ್ತು. ಕೂತ ಗೊಂಬೆ ಎತ್ತುವಂತಿಲ್ಲ. ಊರಿನಲ್ಲಿ ಕೂರದೇ ಉಳಿದಿದ್ದ ಗೊಂಬೆ ನನ್ನ ಕೈಯಲ್ಲಿದ್ದದ್ದು ಒಂದೇ, ಉಳಿದಿದ್ದ ಜೋಡಿಯೂ ಅದೊಂದೇ.

ನಾನು ದ್ಯಾಮಣ್ಣನನ್ನು ನೋಡಿದೆ. ಕಾಶವ್ವ ಹುಟ್ಟಿದ ದಿನ ಊರಿನಲ್ಲಿ ಸೂಲಗಿತ್ತಿ ಇರಲಿಲ್ಲ. ಅವತ್ತೂ ಎಲ್ಲ ಗೊಂಬೆ ಕೂತಾದ ಮೇಲೆ ನೋವು ಶುರುವಾಗಿತ್ತು. ಹಿಂದೆ ಹೆರಿಗೆ ಮಾಡಿಸಿದ್ದ ಹೆಂಗಸರೆಲ್ಲ ಸುತ್ತ ಕುಳಿತು, ಏನೂ ನೆನಪಾಗದೆ ತಮ್ಮ ಕೈಗಳನ್ನೇ ನೋಡಿಕೊಂಡರು. ಕೂಸು ಹೇಗೋ ಉಳಿಯಿತು, ತಾಯಿ ಉಳಿಯಲಿಲ್ಲ. ಆಮೇಲೆ ಅವನು ಬೇರೆ ಮದುವೆ ಆಗಲಿಲ್ಲ. ಈಗ ಅವನು ತುಟಿಯ ಮೇಲೆ ಮಜ್ಜಿಗೆ ಹಚ್ಚಿಕೊಂಡು, ಒರೆಸಿಕೊಳ್ಳುವುದನ್ನೂ ಮರೆತು, ನನ್ನ ಕೈಯಲ್ಲಿದ್ದ ಗೊಂಬೆಯನ್ನು ನೋಡುತ್ತಾ ನಿಂತಿದ್ದ.  ಹಡಗಿನ ಮೇಲೆ ಎಷ್ಟು ಆಸೆಯಿತ್ತೋ ಅಷ್ಟೇ ಸಿಟ್ಟೂ ಬಂತು, ದಾಳದ ಮೇಲೆ, ಕಾಶವ್ವನ ಮೇಲೆ, ಅವನ ಮೀಸೆಯ ಮೇಲೆ. "ಹಡಗು! ಹಡಗು!" ಎಂದು ಹಿಂದಿನ ಸಾಲಿನವರು ವಿಷಯ ತಿಳಿಯದೆ ಇನ್ನೂ ಕೂಗುತ್ತಿದ್ದರು.

ನಾನು ವೈಕಿಂಗಪ್ಪನನ್ನು ಸೂಲಗಿತ್ತಿಯ ಚೌಕದಲ್ಲಿ ಇಟ್ಟು ಓಡಿದೆ. ಬೆನ್ನ ಹಿಂದೆ ಊರು ನಿಟ್ಟುಸಿರು ಬಿಟ್ಟದ್ದು ಕೇಳಿಸಿತು. ಅಳಬೇಕೆನಿಸಿತು, ಆದರೆ ಮೂರನೆಯ ಮೆಟ್ಟಿಲಿಗೆ ಬರುವಷ್ಟರಲ್ಲಿ ಕೈಗಳಿಗೆ ಕಸುಬು ಬಂದಿತ್ತು. ಬಿಸಿನೀರು ಎಷ್ಟು ಬೇಕು, ಯಾವ ಬಟ್ಟೆ, ಹೊಟ್ಟೆಯ ಮೇಲೆ ಅಂಗೈ ಎಲ್ಲಿಡಬೇಕು ಎಂದು ಅವು ಲೆಕ್ಕ ಹಾಕತೊಡಗಿದ್ದವು. ಕೆಲಸ ಬಂದ ಕೈಗೆ ಅಳಲು ಪುರುಸೊತ್ತು ಇರುವುದಿಲ್ಲ.

ಕೂಸು ಅಡ್ಡ ತಿರುಗಿತ್ತು. ಇವತ್ತು ಹೇಳುತ್ತೇನೆ, ನನ್ನ ಗೊಂಬೆ ಆ ಚೌಕದಲ್ಲಿ ಇರದಿದ್ದರೆ ಆ ಮನೆಯಲ್ಲಿ ಏನಾಗುತ್ತಿತ್ತೋ ನೆನೆಯಲೂ ಆಗುವುದಿಲ್ಲ. ನನ್ನ ಬೆರಳುಗಳು ನಿಧಾನವಾಗಿ, ಹಿಟ್ಟು ನಾದಿದಂತೆ, ಹೊಟ್ಟೆಯ ಮೇಲಿಂದಲೇ ಕೂಸನ್ನು ತಿರುಗಿಸಿದವು. ಕಾಶವ್ವ ನನ್ನ ಮೊಣಕೈ ಕಚ್ಚಿದಳು. "ಕಚ್ಚವ್ವಾ, ಇನ್ನೊಂದ ಕೈ ಐತಿ," ಎಂದೆ. ಅವಳು ಆ ನೋವಿನಲ್ಲೂ ನಕ್ಕಳು, ಅದೇ ನಗುವಿನ ಉಸಿರಿಗೆ ಕೂಸಿನ ತಲೆ ಕಂಡಿತು. ಹೆಣ್ಣುಕೂಸು. ಒಂದು ಕೂದಲೂ ಇಲ್ಲದ ಬೋಳು ತಲೆ, ಅಳುವಿನ ದನಿ ಮಾತ್ರ ಪರಸಪ್ಪನವರದು. ಹೊಕ್ಕಳುಬಳ್ಳಿ ಕತ್ತರಿಸಿದೆ, ಮಾಸು ಬಿತ್ತು, ಕಾಶವ್ವ ಬೆಲ್ಲದ ನೀರು ಕುಡಿದಳು. ಆಗ ಘಾಟಿನ ಕಡೆಯಿಂದ ಹೋ ಎಂದು ದೊಡ್ಡ ಕೂಗು ಎದ್ದಿತು. ಹಲಗೆಯ ಮೇಲೆ ನನ್ನ ಗೊಂಬೆ ತಾನಾಗಿ ಅಡ್ಡ ಮಲಗಿತ್ತು. ಬೇರೆ ಯಾವ ಚೌಕವೂ ಸಂಜೆಯೊಳಗೆ ಬಿಡುವುದಿಲ್ಲ, ಸೂಲಗಿತ್ತಿಯದು ಮಾತ್ರ ಹೆರಿಗೆ ಸುಸೂತ್ರವಾದ ಕೂಡಲೇ ಬಿಟ್ಟುಕೊಡುತ್ತದೆ. ಕೈ ಹಗುರಾಯಿತು. ಈಗ ನಾನು ಏನೂ ಬಾರದ ತುಂಗವ್ವ. ಬಿದ್ದ ಜೋಡಿ ಒಂದೇ ಸಲ ನಡೆಯುತ್ತದೆ, ನನ್ನದು ಮುಗಿದಿತ್ತು.

ಹೊಸ್ತಿಲ ಹೊರಗೆ ದ್ಯಾಮಣ್ಣ ಗೋಡೆಗೆ ಒರಗಿ ನಿಂತಿದ್ದ. "ಇಬ್ಬರೂ ಆರಾಮ ಅದಾರ, ಮಮ್ಮಗಳು," ಎಂದೆ. ಅವನು ಅಲ್ಲೇ ಕುಸಿದು ಕುಳಿತು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಜೋರಾಗಿ ಅತ್ತ. ಅಷ್ಟು ದೊಡ್ಡ ಗಂಡಸು ಅಳುವುದನ್ನು ನಾನು ನೋಡಿರಲಿಲ್ಲ, ನನಗೂ ತಡೆಯಲಾಗಲಿಲ್ಲ.

ಲಗಮವ್ವ ತೊಟ್ಟಿಲಿನಿಂದ ಅರಿಶಿಣ ಬಟ್ಟೆಯ ಗಂಟು ತಂದು ನನ್ನ ಕೈಗಿಟ್ಟಳು. ಕುಬಸದ ದಿನ, ಅಂದರೆ ಸೀಮಂತಕ್ಕೆ, ಬರುವ ಕೂಸಿಗೆಂದು ಕೆತ್ತಿಸಿಟ್ಟ ಪುಟ್ಟ ವೈಕಿಂಗಪ್ಪ. ಹುಟ್ಟಿದ ದಿನ ಕೂಸಿನ ಗೊಂಬೆಗೆ ದಾಳ ಬೇಕಿಲ್ಲ. ಸೂಲಗಿತ್ತಿಯೇ ಒಯ್ದು ಊಟದ ಚೌಕದಲ್ಲಿ ಇಡುತ್ತಾಳೆ, ಹುಟ್ಟಿದ ಜೀವ ಎಂದೂ ಉಪವಾಸ ಬೀಳದಿರಲಿ ಎಂದು. ಇಟ್ಟ ಕೈಗೆ ಕೆಲಸ ಬರುವುದರಿಂದ ಸಂಜೆವರೆಗೆ ಊರಿಗೆ ಅನ್ನ ಬಡಿಸುತ್ತಾಳೆ. ಆಮೇಲೆ ಕೂಸು ದೊಡ್ಡದಾಗುವತನಕ ಗೊಂಬೆ ಪೆಟ್ಟಿಗೆ ಸೇರುತ್ತದೆ. ನಾನು ಗಂಟು ಬಿಚ್ಚಿ ಪುಟ್ಟ ದಾಡಿಯವನನ್ನು ಅಂಗೈ ಮೇಲೆ ನಿಲ್ಲಿಸಿಕೊಂಡೆ. ದಾಳ ಬೇಕಿಲ್ಲ. ಅಂದರೆ ಜೋಡಿ ಆರೂ ಬೇಕಿಲ್ಲ. ಇದು ತಲೆಗೆ ಬಂದದ್ದೇ ತಡ, ನನ್ನ ಕಾಲು ಘಾಟಿನ ಕಡೆ ತಿರುಗಿತು.

ಆದರೆ ಅದು ನನ್ನ ಗೊಂಬೆಯಲ್ಲ. ಒಳಗೆ ಹೋಗಿ ಕಾಶವ್ವನ ಪಕ್ಕ ಕುಳಿತು ಕೇಳಿದೆ. "ಕಾಶಿ, ಇದನ್ನ ಹಡಗಿನ ಜಾಗದಾಗ ಇಟ್ರ ನಡೀತೈತೇನವ್ವ? ಉಣ್ಣೂ ಚೌಕ ಬಿಟ್ರ ಕೂಸಿಗೆ ಕೇಡಂತ ನಿನಗ ಅನ್ನಸ್ತಿದ್ರ ಹೇಳು, ನಾ ಇಡಾಂಗಿಲ್ಲ."

ಅವಳು ಕೂಸನ್ನು ಎದೆಗೆ ಹಚ್ಚಿಕೊಂಡಿದ್ದಳು. "ಅತ್ತಿ, ಈಕಿ ಹೊಟ್ಟಿ ನೋಡ್ಕೊಳ್ಳಾಕ ನಾ ಅದೀನಿ," ಎಂದಳು. "ನೀ ಈಕಿನ್ನ ಹಡಗು ಹತ್ತಸು. ಓಡು ಮತ್ತ, ನೆರಳ ಎಲ್ಲಿಗಿ ಬಂತೋ ಏನೋ!"

ಓಡಿದೆ. ನನ್ನ ಹಿಂದೆ ದ್ಯಾಮಣ್ಣ, ಅವನ ಹಿಂದೆ ಲಗಮವ್ವ. ಘಾಟಿನಲ್ಲಿ ಜನ ಚಾಪೆ ಸುತ್ತಿಕೊಂಡು ಹೊರಡುತ್ತಿದ್ದರು. ಕಂಬದ ನೆರಳು ಹಾವಿನ ಕೊರಳಿಗೆ ಬಂದಿತ್ತು. "ನಿಲ್ರಿ!" ಎಂದು ಕೂಗುತ್ತಲೇ ಮೆಟ್ಟಿಲು ಇಳಿದೆ. ಪುಟ್ಟ ಗೊಂಬೆಯನ್ನು ಹಡಗಿನ ಕಡೆ ಚಾಚಿದ್ದೇ ತಡ, ಪರಸಪ್ಪನವರು ತಮ್ಮ ಕೋಲನ್ನು ಹಲಗೆಗೆ ಅಡ್ಡ ಹಿಡಿದರು.

"ಏನ್ ಮಾಡಾಕತ್ತೀ ತುಂಗವ್ವ? ಹಸಗೂಸಿನ ಗೊಂಬಿ ಉಣ್ಣೂ ಚೌಕಕ್ಕ."

"ಹಂಗಂತ ಯಾರ ಹೇಳ್ಯಾರ ಯಜಮಾನ್ರ?"

"ಹಿಂದಿನಿಂದ ನಡಕೋತ ಬಂದದ್ದು!"

"ಎಲ್ಲಾರೂ ಅಲ್ಲೇ ಇಟ್ಟಾರ, ಖರೆ. ಬ್ಯಾರೆ ಕಡೆ ಇಡಬಾರ್ದು ಅಂತ ಯಾವಾಗರ ಯಾರರ ಅಂದಾರೇನು? ದಾಳ ಬ್ಯಾಡ ಅನ್ನೂದಷ್ಟ ಕಟ್ಟಿ ಕಟ್ಟಳಿ. ಜಾಗಾ ನಮ್ಮ ರೂಢಿ."

ಪರಸಪ್ಪನವರು ನ್ಯಾಯವಂತರು, ಅದೇ ಅವರ ದೊಡ್ಡ ತೊಂದರೆ. ತಲೆ ಕೆರೆದುಕೊಂಡರು. ನೆರಳು ಹೆಡೆಯ ಬುಡಕ್ಕೆ ಬಂತು. "ಕೂಸು ಉಪವಾಸ ಬೀಳಬಾರ್ದಂತ ಹಿರ್ಯಾರು ಮಾಡಿದ್ದು," ಎಂದರು ಕೊನೆಗೆ. "ಅದರ ಹಿಂದಿನ ಮಾತ ಮೀರಾಕ ನಾ ಬಿಡಾಂಗಿಲ್ಲ. ಉಣ್ಣಾಕ ಸಿಗೂ ಚೌಕಿದ್ರ ಇಡು. ಹಡಗಿನ ಮ್ಯಾಲ ಊಟ ಎಲ್ಲೈತಿ?"

ಯಾರಿಗೆ ಗೊತ್ತು! ಹೋಗಿ ಬಂದವರ ಪೈಕಿ ಬದುಕಿರುವವಳು ಒಬ್ಬಳೇ, ಅವಳಿಗೆ ಏನೂ ನೆನಪಿಲ್ಲ.  ಆಗ ಮುಂದಿನ ಸಾಲಿನ ಕುರ್ಚಿಯಿಂದ, ಬೆಳಗಿನಿಂದ ತುಟಿ ಬಿಚ್ಚದ ನಮ್ಮವ್ವ ಎದ್ದು ನಿಂತಳು. ಕೋಲೂ ಇಲ್ಲದೆ ಎದ್ದು ನಿಂತಳು!

"ಐತಿ! ಹಲ್ಲಾಗ ಮೀನಿನ ಮುಳ್ಳ ಸಿಕ್ಕಿತ್ತು ನಂದು! ಊಟ ಇರದ ಮುಳ್ಳ ಮುಗಲಿನಿಂದ ಬಿತ್ತೇನೋ ಪರಸ್ಯಾ?"

ಇಷ್ಟು ವರ್ಷ ಊರೆಲ್ಲ ನಕ್ಕಿದ್ದ ಮುಳ್ಳು ಅದು. ಪರಸಪ್ಪನವರ ಕೋಲು ತಾನಾಗಿ ಮೇಲೆದ್ದಿತು. ನಾನು ಪುಟ್ಟ ವೈಕಿಂಗಪ್ಪನನ್ನು ಆರನೆಯ ಜಾಗದಲ್ಲಿ ಕೂರಿಸಿದೆ, ಕೈ ಹಿಂದೆಗೆಯುವುದಕ್ಕೂ ನೆರಳು ಹಾವಿನ ಹೆಡೆ ಮುಟ್ಟುವುದಕ್ಕೂ ಸರಿಹೋಯಿತು.

 ಹಡಗಿನ ಅಂಚಿಗೆ ಯಾರೋ ಒಣಹಾಕಿದ್ದ ಸೀರೆ ಹಾರಿ ನೀರಿಗೆ ಬಿತ್ತು, ಎಂದೂ ಕದಲದ ಹಡಗು ಹಾವಿನ ತಲೆಯನ್ನು ಹೊಳೆಯ ನಡುವಿಗೆ ತಿರುಗಿಸಿತು. ಜನ ಹುಚ್ಚೆದ್ದರು. ಪರಸಪ್ಪನವರು ಕ್ರಮ ಮರೆತು ಕೋಲನ್ನು ಗಾಳಿಗೆ ಎಸೆದರು. ನನ್ನ ಭುಜಗಳಿಗೆ ಹುಟ್ಟುಗೋಲಿನ ಕಸುಬು ಇಳಿಯುವುದು ನನಗೆ ಗೊತ್ತಾಯಿತು, ಬೆನ್ನು ತಾನಾಗಿ ನೆಟ್ಟಗಾಯಿತು. ಉಳಿದ ಐವರು ಆಗಲೇ ಹಾರಿ ಹತ್ತಿಯಾಗಿತ್ತು, ನಾನೂ ನೀರಿಗೆ ಹಾರಿ, ಈಜಿ, ಹತ್ತಿದೆ. ಐದನೆಯ ಹುಟ್ಟುಗೋಲು ಹಿಡಿದ ದ್ಯಾಮಣ್ಣ ಪಕ್ಕದಲ್ಲಿ ಜಾಗ ಬಿಟ್ಟುಕೊಟ್ಟ. ಅವನು ನನಗೆ ಜಾಗ ಬಿಟ್ಟುಕೊಟ್ಟದ್ದು ಹುಟ್ಟಿದ ಮೇಲೆ ಅದೇ ಮೊದಲು.

"ಕೂಸಿನ ಹೆಸರ ಏನಿಡೂದೋ ಅಣ್ಣಾ?" ಎಂದೆ ಉಸಿರು ಬಿಡುತ್ತಾ.

"ಮೊದ್ಲ ಎಳಿ, ಆಮ್ಯಾಲ ಹೆಸರ!" ಎಂದ.

ಎಳೆದೆವು. ಘಾಟು ಸಣ್ಣದಾಯಿತು, ಅವ್ವ ನಿಂತೇ ಇದ್ದದ್ದು ಕಾಣುತ್ತಿತ್ತು. ಹೊಳೆಯ ತಿರುವು ಬಂತು. ಹಾವಿನ ತಲೆಯ ಮುಂದೆ ಏನೋ ಬೆಳ್ಳಗೆ ಕಂಡಿತು.

ಅಲ್ಲಿಂದ ಮುಂದೆ ಕೇಳಬೇಡಿ. ನನ್ನ ಹತ್ತಿರ ಇಲ್ಲ. ಮರುದಿನ ಮುಂಜಾನೆ ದಾಳ ಹಾಕುವ ಹೊತ್ತಿಗೆ ನನ್ನ ಕಾಲು ಘಾಟಿನ ಮೆಟ್ಟಿಲಿಗೆ ತಾಗಿತು, ಎಲ್ಲವೂ ಹೋಯಿತು. ಅಂಗೈ ತುಂಬ ಬೊಬ್ಬೆಗಳಿದ್ದವು. ಹಡಗಿನ ಹಲಗೆಗಳ ಸಂದಿನಲ್ಲಿ ಬಿಳಿಯ ಪುಡಿ ತುಂಬಿತ್ತು. ಮಕ್ಕಳು ಬೆರಳಿಟ್ಟರೆ ಸುಟ್ಟಂತಾಗಿ ಕೈ ಎಳೆದುಕೊಂಡರು, ಬೆರಳ ಮೇಲೆ ಅದು ನೀರಾಯಿತು. ದ್ಯಾಮಣ್ಣನ ಮುಖದಲ್ಲಿ ಒಂದೇ ರಾತ್ರಿಗೆ ವೈಕಿಂಗಪ್ಪನ ದಾಡಿಯಷ್ಟು ದಪ್ಪ ಮೀಸೆ ಬೆಳೆದಿತ್ತು, ಅವನು ಅದನ್ನು ಎರಡೂ ಕೈಯಲ್ಲಿ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದ. ನನ್ನ ಮುಷ್ಟಿಯೊಳಗೆ ಒಂದು ಬಿಳಿಯ ಎಲುಬಿನ ಬಾಚಣಿಗೆ ಇತ್ತು. ಮತ್ತು ನಾನು ನಗುತ್ತಿದ್ದೆ. ಯಾಕೆಂದು ಗೊತ್ತಿಲ್ಲ. ಹೊಟ್ಟೆ ಹುಣ್ಣಾಗುವಷ್ಟು, ಕಣ್ಣಲ್ಲಿ ನೀರು ಬರುವಷ್ಟು ನಗು, ನಿಲ್ಲಿಸಲು ಆಗುತ್ತಿರಲಿಲ್ಲ.

ಜನ ಸುತ್ತುವರಿದು "ಏನ್ ನೋಡಿದ್ರಿ? ಏನ್ ನೋಡಿದ್ರಿ?" ಎಂದು ಕೇಳಿದರು. ಅವ್ವ ಮಾತ್ರ ಏನೂ ಕೇಳಲಿಲ್ಲ. ಕುರ್ಚಿಯಲ್ಲಿ ಕುಳಿತು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಅವಳ ಭುಜ ಕುಣಿಯತೊಡಗಿತು, ಬಾಯಿ ತೆರೆಯಿತು, ನಾನು ಲಂಗ ಹಾಕುತ್ತಿದ್ದಾಗ ಒಂದೇ ಒಂದು ಮುಂಜಾನೆ ಕೇಳಿದ್ದ ಆ ನಗು ಹೊರಬಂತು. ನಾನು ಅವಳ ಮಡಿಲಲ್ಲಿ ತಲೆಯಿಟ್ಟೆ. ಇಬ್ಬರೂ ನಕ್ಕೆವು. ಯಾವುದಕ್ಕೆ ನಗುತ್ತಿದ್ದೇವೆಂದು ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಆದರೆ ಒಂದೇ ವಿಷಯಕ್ಕೆ ನಗುತ್ತಿದ್ದೇವೆಂದು ಇಬ್ಬರಿಗೂ ಗೊತ್ತಿತ್ತು.

ಬಾಚಣಿಗೆಯನ್ನು ಕಾಶವ್ವನ ಮಗಳ ತೊಟ್ಟಿಲಿಗೆ ಕಟ್ಟಿದೆ. ಜಾಗ ಅವಳದು, ನಾನು ಬರೀ ಕೈ. ದ್ಯಾಮಣ್ಣ ಹೊಸ ಮೀಸೆ ತಿರುವುತ್ತಾ ಬಾಗಿ ನೋಡಿ, "ತಂಗೆವ್ವ, ತಲಿ ಮ್ಯಾಲ ಒಂದ ಕೂದಲಿಲ್ಲ ಕೂಸಿಗೆ, ಬಾಚಣಿಗಿ ತಂದೀಯಲ್ಲ!" ಎಂದ.

"ಬರ್ತಾವೋ ಯಣ್ಣಾ," ಎಂದೆ. "ನಿನ್ನ ಮೀಸಿ ಬರಲಿಲ್ಲೇನು?"